ಹಳೆಯ ತಂತ್ರಾಂಶ, ಹೊಸ ವಿಂಡೋಸ್: ಡಿಟಿಪಿ ಮತ್ತು ಮುದ್ರಕರ ಗುಂಪಿನ ಪ್ರಶ್ನೋತ್ತರ

ತಂತ್ರಜ್ಞ: ಇವತ್ತು ರಾತ್ರಿ ಊಟದ ಹೊತ್ತಿನವರೆಗೆ ಇಲ್ಲಿರುತ್ತೇನೆ. ಕೇಳುವವರು ತಂತ್ರಾಂಶದ ಹೆಸರು, ಅದರ ಆವೃತ್ತಿ, ಯಾವ ವಿಂಡೋಸ್, ಪರದೆಯ ಮೇಲೆ ಬಂದ ಸಂದೇಶ ಇಷ್ಟನ್ನೂ ಬರೆಯಿರಿ. ‘ಆಗುತ್ತಿಲ್ಲ ಸರ್’ ಎಂದಷ್ಟೇ ಬರೆದರೆ ನನಗೂ ಏನೂ ಆಗುವುದಿಲ್ಲ.

ದಾವಣಗೆರೆ, ಡಿಟಿಪಿ ಕೇಂದ್ರ: ನಮಸ್ಕಾರ ಸರ್. ಲಗ್ನಪತ್ರಿಕೆ ಚಿತ್ರಗಳ ಹಳೆಯ ಸಿಡಿ ಇದೆ, ವಿಂಡೋಸ್ 98ರ ಕಾಲದ್ದು. ಈಗ ವಿಂಡೋಸ್ 11. ಸೆಟಪ್ ಒತ್ತಿದರೆ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರುತ್ತದೆ. ಕಂಪ್ಯಾಟಿಬಿಲಿಟಿಯಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ಆರಿಸಿದರೂ ಅದೇ ಕಥೆ.

ತಂತ್ರಜ್ಞ: ನಿಮ್ಮ ಸೆಟಪ್ ಕಡತ 16 ಬಿಟ್‌ನದು, ಅಂದರೆ ತೀರಾ ಹಳೆಯ ಬಗೆಯದು. 64 ಬಿಟ್ ವಿಂಡೋಸ್‌ನಲ್ಲಿ ಅದನ್ನು ನಡೆಸುವ ಭಾಗವೇ ಇಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಕಂಪ್ಯಾಟಿಬಿಲಿಟಿ ಎಂದರೆ ‘ನೀನಿರುವುದು ಎಕ್ಸ್‌ಪಿಯಲ್ಲಿ’ ಎಂದು ತಂತ್ರಾಂಶವನ್ನು ನಂಬಿಸುವ ಏರ್ಪಾಡು, ಇಲ್ಲದ ಭಾಗವನ್ನು ಅದು ಎಲ್ಲಿಂದಲೂ ತಂದುಕೊಡುವುದಿಲ್ಲ. ಆ ಕಾಲದಲ್ಲಿ ತಂತ್ರಾಂಶ 32 ಬಿಟ್, ಸೆಟಪ್ ಮಾತ್ರ 16 ಬಿಟ್ ಆಗಿರುವ ಸಿಡಿಗಳು ಬಹಳ ಬಂದವು. ಕೆಲವು ಹಳೆಯ ಇನ್‌ಸ್ಟಾಲ್‌ಶೀಲ್ಡ್ ಸೆಟಪ್‌ಗಳನ್ನು ವಿಂಡೋಸ್ ಗುರುತು ಹಿಡಿದು ತನ್ನದೇ 32 ಬಿಟ್ ಪ್ರತಿಯಿಂದ ನಡೆಸುತ್ತದೆ, ನಿಮ್ಮದು ಆ ಜಾತಿಯದಲ್ಲ. ಆದರೆ ನಿಮಗೆ ಬೇಕಾದದ್ದು ಚಿತ್ರ ತಾನೇ? ಸಿಡಿಯ ಫೋಲ್ಡರ್‌ಗಳನ್ನು ತೆರೆದು ನೋಡಿ. ಡಬ್ಲ್ಯುಎಂಎಫ್ ಅಥವಾ ಇಪಿಎಸ್ ಬಗೆಯ ಚಿತ್ರ ಕಡತಗಳಿದ್ದರೆ ನೇರವಾಗಿ ಚಿತ್ರ ಬಿಡಿಸುವ ಕೋರೆಲ್‌ಗೆ ಇಂಪೋರ್ಟ್ ಮಾಡಿಕೊಳ್ಳಿ. ಇನ್‌ಸ್ಟಾಲ್ ಮಾಡುವ ಗೊಡವೆಯೇ ಬೇಡ.

ದಾವಣಗೆರೆ, ಡಿಟಿಪಿ ಕೇಂದ್ರ: ಇವೆ ಸರ್! ಎಲ್ಲವೂ ಡಬ್ಲ್ಯುಎಂಎಫ್. ಗಣಪತಿ, ಕಳಶ, ಬಾಳೆಕಂಬ ಎಲ್ಲ ಸಿಕ್ಕವು.

ತುಮಕೂರು, ಜೆರಾಕ್ಸ್ ಅಂಗಡಿ: ಹೊಸ ಲ್ಯಾಪ್‌ಟಾಪ್. ಏನೇ ಹಾಕಿದರೂ ಮೈಕ್ರೋಸಾಫ್ಟ್ ಸ್ಟೋರ್‌ನಿಂದಲೇ ತೆಗೆದುಕೊಳ್ಳಿ ಎನ್ನುತ್ತದೆ. ಮಾರಿದವರು ‘ವಿಂಡೋಸ್ ಹಾಗೆಯೇ ಇರುವುದು’ ಎಂದರು.

ತಂತ್ರಜ್ಞ: ಎಸ್ ಮೋಡ್, ಸ್ಟೋರ್‌ನ ಆ್ಯಪ್‌ಗಳನ್ನು ಮಾತ್ರ ಬಿಡುವ ವಿಂಡೋಸ್. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ಅದರಿಂದ ಹೊರಬರುವ ಆಯ್ಕೆ ಇದೆ. ಉಚಿತ. ಒಮ್ಮೆ ಬಂದರೆ ಹಿಂದಕ್ಕೆ ಹೋಗಲಾಗದು, ಹೋಗುವ ಅಗತ್ಯವೂ ಬೀಳುವುದಿಲ್ಲ. ಇದಕ್ಕೆ ಯಾರಿಗೂ ಹಣ ಕೊಡಬೇಡಿ.

ಹಾವೇರಿ, ಸ್ಟುಡಿಯೊ: ಸರ್, ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್‌ಗೆ ವಿಂಡೋಸ್ 11ರ ಡ್ರೈವರ್ ಸಿಗುತ್ತದೆಯೇ?

ಮೈಸೂರು, ಪ್ರಕಾಶನ: ಸರ್, ಇದು ವಿಚಿತ್ರ. ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ 7 ವಿಂಡೋಸ್ 10ರಲ್ಲಿ ಹೇಗೋ ಇನ್‌ಸ್ಟಾಲ್ ಆಯಿತು. ನುಡಿ ಕೀಲಿಮಣೆ ನೋಟ್‌ಪ್ಯಾಡ್‌ನಲ್ಲಿ, ವರ್ಡ್‌ನಲ್ಲಿ ಸರಿಯಾಗಿದೆ. ಪೇಜ್‌ಮೇಕರ್‌ಗೆ ಹೋದ ಕೂಡಲೇ ಇಂಗ್ಲಿಷ್ ಬೀಳುತ್ತದೆ. ನುಡಿ ತೆಗೆದು ಹಾಕಿ ನೋಡಿದೆವು, ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸಿದೆವು.

ತಂತ್ರಜ್ಞ: ಪೇಜ್‌ಮೇಕರ್ ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಗುರುತು ಹಾಕಿದ್ದೀರಾ?

ಮೈಸೂರು, ಪ್ರಕಾಶನ: ಹೌದು, ಅದಿಲ್ಲದಿದ್ದರೆ ಕಡತ ಉಳಿಸುವಾಗ ತಕರಾರು ಮಾಡುತ್ತಿತ್ತು.

ತಂತ್ರಜ್ಞ: ಸಿಕ್ಕಿತು, ಒಳ್ಳೆಯ ಪ್ರಶ್ನೆ ಇದು. ನುಡಿಯಂಥ ಕೀಲಿಮಣೆ ತಂತ್ರಾಂಶ ನೀವು ಒತ್ತಿದ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡದ ಸಂಕೇತ ಕಳುಹಿಸುತ್ತದೆ. ಸಾಮಾನ್ಯ ಹಕ್ಕಿನಲ್ಲಿ ನಡೆಯುವ ತಂತ್ರಾಂಶ ಅಡ್ಮಿನಿಸ್ಟ್ರೇಟರ್ ಹಕ್ಕಿನ ಕಿಟಕಿಯೊಳಗೆ ಹೀಗೆ ಕೈಹಾಕುವುದನ್ನು ವಿಂಡೋಸ್ ವಿಸ್ಟಾದಿಂದ ಈಚೆಗೆ ತಡೆಯಲಾಗಿದೆ. ಎಕ್ಸ್‌ಪಿಯಲ್ಲಿ ಈ ತಡೆ ಇರಲಿಲ್ಲ, ಆದ್ದರಿಂದ ಅಲ್ಲಿ ಎಂದೂ ತೊಂದರೆ ಕಾಣಲಿಲ್ಲ. ನುಡಿಯನ್ನೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಇವತ್ತೇ ಕೆಲಸ ನಡೆಯುತ್ತದೆ. ಇನ್ನೂ ಸರಿಯಾದ ದಾರಿ ಎಂದರೆ ಇಬ್ಬರಿಗೂ ಆ ಹಕ್ಕು ತೆಗೆದು, ಪುಸ್ತಕದ ಕಡತಗಳನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಿಂದ ಹೊರಗೆ, ಡಿ ಡ್ರೈವ್‌ನಲ್ಲಿ ಇಡುವುದು. ಉಳಿಸುವಾಗಿನ ತಕರಾರು ಹುಟ್ಟಿದ್ದೇ ಅಲ್ಲಿಂದ ಇರಬೇಕು. ಫಾರ್ಮ್ಯಾಟ್ ಮಾಡಿಸಿದ್ದು ದಂಡ.

ಕೋಲಾರ, ಡಿಟಿಪಿ: ಸರ್, ನನಗೂ ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ’ ಎಂದು ಬರುತ್ತಿದೆ. ಪರಿಹಾರ ತಿಳಿಸಿ.

ತಂತ್ರಜ್ಞ: ದಾವಣಗೆರೆಯವರಿಗೆ ಬರೆದದ್ದನ್ನು ಓದಿ.

ಗದಗ, ಮುದ್ರಣಾಲಯ: ಸರ್, ನಮ್ಮ ತಂದೆಯವರ ಕಾಲದ ಎಕ್ಸ್‌ಪಿ ಕಂಪ್ಯೂಟರ್‌ನಲ್ಲಿ ಪೇಜ್‌ಮೇಕರ್ 6.5 ಮತ್ತು ಕನ್ನಡ ಲಿಪಿ ಪ್ಯಾಕೇಜ್ ಇವೆ. ಹಿಂಬದಿಯಲ್ಲಿ ಪ್ರಿಂಟರ್ ಕೇಬಲ್ ಸೇರಿಸುವ ಜಾಗಕ್ಕೆ ಪ್ಯಾಕೇಜಿನ ಲಾಕ್ (ನಕಲು ತಡೆಯುವ ಸಣ್ಣ ಸಾಧನ) ಚುಚ್ಚಿದೆ. ಮಠದ ಪುಸ್ತಕಗಳು, ಶಾಲೆಗಳ ಸ್ಮರಣ ಸಂಚಿಕೆಗಳು, ಎಲ್ಲ ಅದರಲ್ಲೇ. ಈಗ ಆನ್ ಮಾಡಿದರೆ ಕಟಕಟ ಸದ್ದು ಬರುತ್ತದೆ, ಕೆಲವು ಸಲ ಆಫ್ ಮಾಡಿ ಆನ್ ಮಾಡಿದ ಮೇಲೆ ಏಳುತ್ತದೆ. ವಿಂಡೋಸ್ 11ರ ಹೊಸ ಕಂಪ್ಯೂಟರ್ ತಂದೆವು, ಅದರಲ್ಲಿ ಪ್ಯಾಕೇಜ್ ‘ಲಾಕ್ ಸಿಗಲಿಲ್ಲ’ ಎನ್ನುತ್ತದೆ. ಲಾಕ್‌ಗೆ ಯುಎಸ್‌ಬಿ ಕೇಬಲ್ ತೆಗೆದುಕೊಂಡರೆ ಸಾಕೇ? ಹಳೆಯದನ್ನು ನಾಳೆ ಗುಜರಿಗೆ ಕೊಡುವ ಮಾತಾಗಿದೆ.

ತಂತ್ರಜ್ಞ: ಗುಜರಿಯವನಿಗೆ ಈಗಲೇ ಫೋನ್ ಮಾಡಿ, ಬರುವುದು ಬೇಡ ಎನ್ನಿ. ಕಂಪ್ಯೂಟರ್ ಆನ್ ಇದ್ದರೆ ಆಫ್ ಮಾಡಿ. ಮತ್ತೆ ಆನ್ ಮಾಡಬೇಡಿ.

ಲಾಕ್ ಚಿಂತೆ ಆಮೇಲೆ. ಆ ಕಟಕಟ ಹಾರ್ಡ್‌ಡಿಸ್ಕ್‌ನದು, ಪ್ರತಿ ಸಲ ಆನ್ ಮಾಡುವುದೂ ಅದರ ಕೊನೆಯ ಸಲ ಆಗಬಹುದು. ಡಿಸ್ಕನ್ನು ಬಿಚ್ಚಿ ತೆಗೆಯಿರಿ. ಆ ಕಾಲದ್ದಾದರೆ ಅಗಲ ಪಟ್ಟಿಯ ಐಡಿಇ ಕೇಬಲ್ ಇರುತ್ತದೆ. ಐಡಿಇ ಡಿಸ್ಕನ್ನು ಯುಎಸ್‌ಬಿಗೆ ಸೇರಿಸುವ ಅಡಾಪ್ಟರ್ ರಿಪೇರಿ ಅಂಗಡಿಗಳಲ್ಲಿ ಇರುತ್ತದೆ, ಅದರಿಂದ ಹೊಸ ಕಂಪ್ಯೂಟರ್‌ಗೆ ಜೋಡಿಸಿ. ‘ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ. ‘ದೋಷ ಸರಿಪಡಿಸಲೇ’ ಎಂದರೂ ಬೇಡ ಎನ್ನಿ. ಮೊದಲು .p65 ಕಡತಗಳನ್ನೂ ಚಿತ್ರಗಳನ್ನೂ ನಕಲಿಸಿ, ಫೋಲ್ಡರ್ ಹೇಗಿದೆಯೋ ಹಾಗೆಯೇ. ಪೇಜ್‌ಮೇಕರ್ ದೊಡ್ಡ ಚಿತ್ರಗಳನ್ನು ಸಾಮಾನ್ಯವಾಗಿ ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ, ಅವು ಇರುವ ದಾರಿಯನ್ನು ಮಾತ್ರ ನೆನಪಿಡುತ್ತದೆ. ನೀವು ಅಚ್ಚುಕಟ್ಟು ಮಾಡಲು ಹೋಗಿ ಚಿತ್ರಗಳನ್ನು ಅತ್ತಿತ್ತ ಸರಿಸಿದರೆ ಆ ದಾರಿ ತಪ್ಪಬಹುದು. ಆಮೇಲೆ ವಿಂಡೋಸ್‌ನೊಳಗಿನ ಫಾಂಟ್ಸ್ ಫೋಲ್ಡರ್ ಪೂರ್ತಿ, ಸಿ ಡ್ರೈವ್‌ನಲ್ಲಿ ಪಿಎಸ್‌ಫಾಂಟ್ಸ್ ಎಂಬ ಫೋಲ್ಡರ್ ಇದ್ದರೆ ಅದೂ. ಫಾಂಟ್ ಇಲ್ಲದಿದ್ದರೆ ನಿಮ್ಮ ಪುಸ್ತಕದ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ, ಅಷ್ಟೇ. ಕೊನೆಗೆ, ಡಿಸ್ಕ್ ಸಹಕರಿಸಿದರೆ, ಇಡೀ ಡಿಸ್ಕಿನ ಪ್ರತಿ.

ಈಗ ಲಾಕ್. ಯುಎಸ್‌ಬಿ ಕೇಬಲ್ ಕೊಳ್ಳಬೇಡಿ. ಅದು ಪ್ರಿಂಟರ್‌ನೊಂದಿಗೆ ಮಾತ್ರ ಮಾತಾಡುತ್ತದೆ, ನಿಮ್ಮ ಲಾಕ್‌ನ ಡ್ರೈವರ್ ಹಿಂಬದಿಯ ಪೋರ್ಟನ್ನು ನೇರವಾಗಿ ಮುಟ್ಟಿ ನೋಡುವಂಥದ್ದು. ಆ ಡ್ರೈವರೂ 32 ಬಿಟ್‌ನದು. 32 ಬಿಟ್ ತಂತ್ರಾಂಶವನ್ನು 64 ಬಿಟ್ ವಿಂಡೋಸ್ ನಡೆಸುತ್ತದೆ, 32 ಬಿಟ್ ಡ್ರೈವರ್ ಅನ್ನು ಒಳಗೇ ಬಿಡುವುದಿಲ್ಲ. ಕಂಪ್ಯೂಟರ್‌ನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಪಿ ಕೂರಿಸಬಹುದು, ಆದರೆ ಹಳೆಯ ಪೋರ್ಟನ್ನು ಅದರೊಳಗೆ ಕೊಡುವುದು ದೊಡ್ಡ ರಗಳೆ. ಆದ್ದರಿಂದ ನಾನು ಹೇಳುವುದು ಹಳೆಯ ಪೆಟ್ಟಿಗೆಯನ್ನೇ ಉಳಿಸಿಕೊಳ್ಳಿ ಎಂದು. ಹಾಳಾಗಿರುವುದು ಡಿಸ್ಕ್ ಮಾತ್ರ. ಬೇರೆ ಡಿಸ್ಕ್‌ಗೆ ಆ ಪ್ರತಿ ಇಳಿಸಿ ಅದೇ ಪೆಟ್ಟಿಗೆಗೆ ಹಾಕಿದರೆ ಎಕ್ಸ್‌ಪಿ, ಪೇಜ್‌ಮೇಕರ್, ಲಾಕ್ ಎಲ್ಲ ಇದ್ದಲ್ಲೇ ಇರುತ್ತವೆ. ಮದರ್‌ಬೋರ್ಡ್‌ನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯೇ ನೋಡಿ ಒಂದು ಫೋಟೊ ಹಾಕಿ. ಇಂಟರ್‌ನೆಟ್ ಕೇಬಲ್ ಮಾತ್ರ ಸೇರಿಸಬೇಡಿ, ಎಕ್ಸ್‌ಪಿಗೆ ಸುರಕ್ಷತಾ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿದೆ. ಅಲ್ಲಿಂದ ಒಂದೊಂದೇ ಪುಸ್ತಕವನ್ನು ಫಾಂಟ್ ಸಮೇತ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮುಂದೆ ತಿದ್ದಬೇಕಾದರೆ ಅಡೋಬಿಯ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್‌ನ ಸಿಎಸ್6ರವರೆಗಿನ ಆವೃತ್ತಿಗಳು ಪೇಜ್‌ಮೇಕರ್ ಕಡತ ತೆರೆಯುತ್ತವೆ, ಆಮೇಲಿನವು ತೆರೆಯುವುದಿಲ್ಲ. ಟೈಪ್ 1 ಎಂಬ ಹಳೆಯ ಬಗೆಯ ಫಾಂಟ್‌ಗಳಿಗೆ ಅಡೋಬಿ 2023ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿದೆ ಎಂಬುದೂ ತಲೆಯಲ್ಲಿರಲಿ.

ಗದಗ, ಮುದ್ರಣಾಲಯ: ಆಫ್ ಮಾಡಿದೆ ಸರ್. ತಮ್ಮನನ್ನು ಅಡಾಪ್ಟರ್ ತರಲು ಕಳುಹಿಸಿದ್ದೇನೆ.

ಬೆಳಗಾವಿ, ಫ್ಲೆಕ್ಸ್ ಮುದ್ರಣ: ಎಲ್ಲರಿಗೂ ಉಪಯುಕ್ತ ಮಾಹಿತಿ, ತಪ್ಪದೇ ಹಂಚಿಕೊಳ್ಳಿ! ಹಳೆಯ ತಂತ್ರಾಂಶ ಇನ್‌ಸ್ಟಾಲ್ ಆಗದಿದ್ದರೆ ಆ್ಯಂಟಿವೈರಸ್ ಆಫ್ ಮಾಡಿ. ಇಲ್ಲವೆಂದು ತೋರಿಸಿದ ಡಿಎಲ್‌ಎಲ್ (ತಂತ್ರಾಂಶಕ್ಕೆ ಬೇಕಾದ ಸಹಾಯಕ ಕಡತ) ಅನ್ನು ಗೂಗಲ್‌ನಿಂದ ಇಳಿಸಿ ಸಿಸ್ಟಂ32ಗೆ ಹಾಕಿ. ಡ್ರೈವರ್ ಸಹಿ ಪರಿಶೀಲನೆ ಶಾಶ್ವತವಾಗಿ ನಿಲ್ಲಿಸಿ. ಹಾರ್ಡ್‌ಡಿಸ್ಕ್ ಸದ್ದು ಮಾಡಿದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಪೋರ್ಟಬಲ್ ಪೇಜ್‌ಮೇಕರ್ ಲಿಂಕ್ ಬೇಕಾದವರು ಸಂದೇಶ ಕಳುಹಿಸಿ.

ತಂತ್ರಜ್ಞ: ಗದಗದವರೇ, ಡಿಸ್ಕನ್ನು ಫ್ರೀಜರ್‌ಗೆ ಹಾಕಬೇಡಿ. ಹೊರಗೆ ತೆಗೆದಾಗ ಡಿಸ್ಕಿನೊಳಗಿನ ತಟ್ಟೆಗಳ ಮೇಲೆ ನೀರಿನ ಹನಿ ಕಟ್ಟಿದರೆ ಇದ್ದದ್ದೂ ಹೋಯಿತು.

ಬೆಳಗಾವಿಯವರೇ, ಈ ಫಾರ್ವರ್ಡ್ ನನ್ನ ಅಂಗಡಿಗೆ ವರ್ಷವಿಡೀ ಗಿರಾಕಿಗಳನ್ನು ಕಳುಹಿಸುತ್ತದೆ, ಆದರೂ ನನಗೆ ಬೇಡ. ಆ್ಯಂಟಿವೈರಸ್ ಆಫ್ ಮಾಡಿಸಿಕೊಂಡು ಒಳಗೆ ಬರುವ ಉಚಿತ ಪೇಜ್‌ಮೇಕರ್ ಏನನ್ನು ಜೊತೆಗೆ ತರುತ್ತದೆ ಎಂದು ಯೋಚಿಸಿದ್ದೀರಾ? ಅದೇ ಕಂಪ್ಯೂಟರ್‌ನಲ್ಲಿ ಜಿಎಸ್‌ಟಿ ಲಾಗಿನ್, ಬ್ಯಾಂಕ್ ಲಾಗಿನ್ ಇರುತ್ತವೆ. ಇನ್ನು ಡಿಎಲ್‌ಎಲ್. 64 ಬಿಟ್ ವಿಂಡೋಸ್‌ನ ಸಿಸ್ಟಂ32 ಫೋಲ್ಡರ್‌ನಲ್ಲಿ ಇರುವುದು 64 ಬಿಟ್ ಕಡತಗಳು. 32 ಬಿಟ್‌ನವು ಸಿಸ್‌ವಾವ್64ರಲ್ಲಿ. ಹೆಸರು ತಿರುಗುಮುರುಗಾಗಿದೆ, ಅದು ಮೈಕ್ರೋಸಾಫ್ಟ್‌ನ ಕರ್ಮ. ನಿಮ್ಮ ಫಾರ್ವರ್ಡ್ ಹೇಳಿದ ಜಾಗಕ್ಕೆ ಹಾಕಿದರೆ ಹಳೆಯ ತಂತ್ರಾಂಶ ಅದನ್ನು ನೋಡುವುದೂ ಇಲ್ಲ.

ಬೆಳಗಾವಿ, ಫ್ಲೆಕ್ಸ್ ಮುದ್ರಣ: ನಾನು ಬಂದದ್ದನ್ನು ಕಳುಹಿಸಿದೆ ಅಷ್ಟೇ. ಫ್ರೀಜರ್‌ನಲ್ಲಿಟ್ಟು ನಮ್ಮ ಭಾವನವರಿಗೆ ಸರಿಯಾಗಿದೆ.

ಬೆಂಗಳೂರು, ಲಿನಕ್ಸ್ ಬಳಗ: ಇಷ್ಟೆಲ್ಲ ಒದ್ದಾಟ ಏಕೆ? ಲಿಬ್ರೆಆಫೀಸ್ ಪೇಜ್‌ಮೇಕರ್ ಕಡತ ತೆರೆಯುತ್ತದೆ. ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ಗೆ ಬದಲಾಯಿಸಿ ಉಚಿತ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಪುಟ ಕಟ್ಟಿ. ಲಾಕ್ ಇಲ್ಲ, ಪರವಾನಗಿ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಆಸ್ಕಿ ಫಾಂಟ್‌ಗೆ ಇನ್ನೂ ಜೋತುಬಿದ್ದಿರುವುದು ನಾಚಿಕೆಗೇಡು.

ಹುಬ್ಬಳ್ಳಿ, ಆಫ್‌ಸೆಟ್: ನಾಚಿಕೆಯ ಮಾತು ಆಮೇಲೆ. 400 ಪುಟದ ಪುಸ್ತಕ ಲಿಬ್ರೆಆಫೀಸ್‌ನಲ್ಲಿ ತೆರೆದು, ಪುಟ ಇದ್ದ ಹಾಗೆ ಬಂದಿದೆ ಎಂದು ತೋರಿಸಿ. ಆಸ್ಕಿಯಿಂದ ಬದಲಾಯಿಸಿದ ಪಠ್ಯದಲ್ಲಿ ಒತ್ತಕ್ಷರ, ಅರ್ಕಾವತ್ತು ಎಷ್ಟು ಕಡೆ ಕೆಡುತ್ತವೆ ಎಂದು ಕರಡು ತಿದ್ದಿದವರಿಗೆ ಗೊತ್ತು.

ಬೆಂಗಳೂರು, ಲಿನಕ್ಸ್ ಬಳಗ: ಕೆಟ್ಟದ್ದನ್ನು ಒಮ್ಮೆ ತಿದ್ದಿದರೆ ಮುಗಿಯಿತು. ನಿಮ್ಮ ಕಡತದಲ್ಲಿ ಒಂದು ಹೆಸರು ಹುಡುಕಲಾದರೂ ಆಗುತ್ತದೆಯೇ?

ಹುಬ್ಬಳ್ಳಿ, ಆಫ್‌ಸೆಟ್: ತಿದ್ದುವವರ ಕೂಲಿ ನೀವು ಕೊಡುತ್ತೀರಾ? ಲಗ್ನಪತ್ರಿಕೆಯವನು ಸಂಜೆಯೊಳಗೆ ಬೇಕು ಎನ್ನುತ್ತಾನೆ. ನಿಮ್ಮ ಸಿದ್ಧಾಂತ ಅವನಿಗೆ ಬೇಕಿಲ್ಲ.

ಬೆಂಗಳೂರು, ಲಿನಕ್ಸ್ ಬಳಗ: ಇದೇ ಮನೋಭಾವದಿಂದ ಕನ್ನಡ ಇಪ್ಪತ್ತು ವರ್ಷ ಹಿಂದೆ ಬಿದ್ದಿದೆ.

ಹುಬ್ಬಳ್ಳಿ, ಆಫ್‌ಸೆಟ್: ಕನ್ನಡದ ಪುಸ್ತಕ ಅಚ್ಚು ಹಾಕಿದವರು ನಾವು. ನೀವು ಅಚ್ಚು ಹಾಕಿಸಿದ ಪುಸ್ತಕ ಎಷ್ಟು?

ತಂತ್ರಜ್ಞ: ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜವಿದೆ, ಉಳಿದರ್ಧ ಬೇರೆ ಕಡೆ ಆಡಿಕೊಳ್ಳಿ. ಹೊಸ ಪುಸ್ತಕವಾದರೆ ಯೂನಿಕೋಡ್‌ನಲ್ಲೇ ಆರಂಭಿಸಿ. ಹಳೆಯ ಪುಸ್ತಕ ಮರುಮುದ್ರಣಕ್ಕೆ ಮಾತ್ರವಾದರೆ ಪಿಡಿಎಫ್ ಸಾಕು.

ಸಾಗರ, ಸಂಘದ ಲೆಕ್ಕಿಗ: ಸರ್, ಎಕ್ಸ್‌ಪಿ ಕಾಲದ ರಸೀದಿ ತಂತ್ರಾಂಶ ವಿಂಡೋಸ್ 10ರಲ್ಲಿ ನಡೆಯುತ್ತಿತ್ತು. ಹಿಂದಿನವರು ನಿವೃತ್ತರಾದರು, ನನಗೆ ಹೊಸ ಲಾಗಿನ್ ಮಾಡಿಕೊಟ್ಟರು. ತಂತ್ರಾಂಶ ತೆರೆಯುತ್ತದೆ, ಹಳೆಯ ರಸೀದಿ ಒಂದೂ ಇಲ್ಲ. ಅಳಿಸಿ ಹೋದರು ಎಂದು ಸಂಘದಲ್ಲಿ ಗುಸುಗುಸು ಎದ್ದಿದೆ.

ತಂತ್ರಜ್ಞ: ಅವರು ಅಳಿಸಿರಲಾರರು, ಗುಸುಗುಸು ನಿಲ್ಲಿಸಿ. ಹಳೆಯ ತಂತ್ರಾಂಶ ಪ್ರೋಗ್ರಾಂ ಫೈಲ್ಸ್‌ನೊಳಗೇ ದತ್ತಾಂಶ ಬರೆಯಲು ನೋಡುತ್ತದೆ. ವಿಂಡೋಸ್ ಅದಕ್ಕೆ ಅಲ್ಲಿ ಬರೆಯಲು ಬಿಡದೆ, ಬರೆದ ಹಾಗೆ ತೋರಿಸಿ, ಆ ಬಳಕೆದಾರರ ಆ್ಯಪ್‌ಡೇಟಾ, ಲೋಕಲ್, ಅದರೊಳಗಿನ ವರ್ಚುವಲ್‌ಸ್ಟೋರ್ ಫೋಲ್ಡರ್‌ಗೆ ಸೇರಿಸುತ್ತದೆ. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹಳೆಯ ಲಾಗಿನ್ ಅಳಿಸಿಲ್ಲ ತಾನೇ? ಅಳಿಸದಿದ್ದರೆ ಆ ಫೋಲ್ಡರ್‌ನಲ್ಲಿ ಎಲ್ಲ ರಸೀದಿಯೂ ಇರಬೇಕು. ಮೊದಲು ಪೆನ್‌ಡ್ರೈವ್‌ಗೆ ಪ್ರತಿ, ಆಮೇಲೆ ಮುಂದಿನ ಮಾತು.

ಸಾಗರ, ಸಂಘದ ಲೆಕ್ಕಿಗ: ಇದೆ ಸರ್, ಲಾಗಿನ್ ಇದೆ. ನಾಳೆ ಕಚೇರಿಯಲ್ಲಿ ನೋಡಿ ತಿಳಿಸುತ್ತೇನೆ. ಅವರಿಗೂ ಫೋನ್ ಮಾಡುತ್ತೇನೆ.

ನ್ಯೂಜೆರ್ಸಿ, ಕೂಟದ ಸಂಚಿಕೆ: ಮ್ಯಾಕ್ ಹೊಸದಾಗಿಸಿದ ಮೇಲೆ ಹಳೆಯ ಪುಟವಿನ್ಯಾಸ ತಂತ್ರಾಂಶ ತೆರೆಯುತ್ತಿಲ್ಲ. ಐಕಾನ್ ಮೇಲೆ ಅಡ್ಡಗೆರೆ.

ತಂತ್ರಜ್ಞ: 2019ರ ಕ್ಯಾಟಲಿನಾದಿಂದ ಮ್ಯಾಕ್‌ನಲ್ಲಿ 32 ಬಿಟ್ ತಂತ್ರಾಂಶ ನಡೆಯುವುದಿಲ್ಲ. ಹೊಸ ಆವೃತ್ತಿ ಕೊಳ್ಳಬೇಕು, ಇಲ್ಲವೇ ಹಳೆಯ ಮ್ಯಾಕ್ ಇಟ್ಟುಕೊಳ್ಳಬೇಕು.

ಚಿತ್ರದುರ್ಗ, ಡಿಟಿಪಿ: ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಎಂದು ಬರುತ್ತದೆ ಸರ್, ದಯವಿಟ್ಟು ಸಹಾಯ.

ತಂತ್ರಜ್ಞ: ಮೇಲೆ.

ಹಾವೇರಿ, ಸ್ಟುಡಿಯೊ: ನನ್ನ ಸ್ಕ್ಯಾನರ್ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ದೊಡ್ಡ ಮುದ್ರಣಾಲಯದವರಿಗೆ ಮಾತ್ರ ಸಹಾಯವೇ?

ಬೆಳಗಾವಿ, ಫ್ಲೆಕ್ಸ್ ಮುದ್ರಣ: ಉಪಕಾರ ಮಾಡಲು ಹೋದರೆ ನಮಗೇ ಪಾಠ ಹೇಳುತ್ತಾರೆ. ಪ್ರಶ್ನೆ ಕೇಳಿದರೆ ‘ಮೇಲೆ’ ಎನ್ನುತ್ತಾರೆ. ನಡೆಯಲಿ.

ಗದಗ, ಮುದ್ರಣಾಲಯ: ಸರ್, ಜೋಡಿಸಿದೆವು. ಎರಡು ಡ್ರೈವ್ ಕಾಣುತ್ತಿವೆ. ಡಿ ತೆರೆಯಿತು, ಪುಸ್ತಕಗಳು ಅದರಲ್ಲಿವೆ. ಸಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತಿದೆ.

ತಂತ್ರಜ್ಞ: ಬೇಡ ಎನ್ನಿ. ಡಿ ಮೊದಲು ಮುಗಿಸಿ. ಸದ್ದು ಹೆಚ್ಚಾದರೆ ತಕ್ಷಣ ತೆಗೆಯಿರಿ.

ಗದಗ, ಮುದ್ರಣಾಲಯ: ಡಿ ಪೂರ್ತಿ ಬಂತು ಸರ್. ಚಿತ್ರಗಳೂ ಬಂದವು. ಆದರೆ ಫಾಂಟ್ ಎಲ್ಲ ಸಿಯಲ್ಲೇ. ಮತ್ತೊಮ್ಮೆ ಪ್ರಯತ್ನಿಸಲೇ?

ತಂತ್ರಜ್ಞ: ಪ್ರಯತ್ನಿಸಬೇಡಿ, ಸಾಕು. ಸಿ ಬೇಕೇ ಬೇಕಾದರೆ ದತ್ತಾಂಶ ಹಿಂಪಡೆಯುವವರ ಕೈಗೆ ಕೊಡಿ, ನಿಮ್ಮ ಕೈಯಲ್ಲಿ ಇನ್ನು ತಿರುಗಿಸಬೇಡಿ. ಲಿಪಿ ಪ್ಯಾಕೇಜಿನ ಮೂಲ ಸಿಡಿ ಎಲ್ಲಿದೆ? ಹೆಚ್ಚಿನ ಪ್ಯಾಕೇಜ್‌ಗಳ ಸಿಡಿಯಲ್ಲಿ ಫಾಂಟ್‌ಗಳು ಬಿಡಿಯಾಗಿಯೇ ಇರುತ್ತವೆ.

ಗದಗ, ಮುದ್ರಣಾಲಯ: ತಂದೆಯವರ ಮೇಜಿನಲ್ಲಿತ್ತು. ಟಿಟಿಎಫ್ ಎಂಬ ಫೋಲ್ಡರ್ ಇದೆ ಸರ್.

ತಂತ್ರಜ್ಞ: ಆ ಫೋಲ್ಡರನ್ನೂ ನಕಲಿಸಿ. ಹೊಸ ಕಂಪ್ಯೂಟರ್‌ನಲ್ಲಿ ಫಾಂಟ್ ಹಾಕಲು ಲಾಕ್ ಬೇಡ, ಬಲಗುಂಡಿ ಒತ್ತಿ ಇನ್‌ಸ್ಟಾಲ್ ಅಂದರೆ ಸಾಕು. ನಾಳೆ ಒಂದು ಪುಟದ ಫೋಟೊ ಹಾಕಿ, ಮುಖಪುಟ ಬೇಡ, ಒತ್ತಕ್ಷರ ಹೆಚ್ಚಿರುವ ಒಳಪುಟ.