ಟವೆಲ್ ಹಾಕಿದ್ದೋ, ಎಸೆದಿದ್ದೋ?

ಗುಂಪು: ನಮ್ಮ ಮನೆ, ಬಾಗಲಕೋಟೆ

ಕಾಕಾ: (ವಿಡಿಯೊ) ಇಂಗ್ಲಿಷ್ ನ್ಯೂಸ್ ನೋಡ್ರಿ ಎಲ್ಲರೂ. ಆ ಲೀಡರ್ 'ಥ್ರೋನ್ ಇನ್ ದ ಟವೆಲ್' ಅಂತೆ. ಅಂದ್ರೆ ಅವನೂ ಕುರ್ಚಿಗೆ ಟವೆಲ್ ಹಾಕಿದ!

ನಾನು: ಕಾಕಾ, ಅದು ಪೂರ್ತಿ ಉಲ್ಟಾ ರೀ. ಅವರು ಸೋಲು ಒಪ್ಪಿಕೊಂಡಿದ್ದಾರೆ.

ಕಾಕಾ: ಹೆಂಗೆ ಉಲ್ಟಾ? ಜಮಖಂಡಿ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದರೆ ಸೀಟು ನಮ್ಮದು. ಪೇಪರಿನವರೂ 'ಮಂತ್ರಿಗಿರಿಗೆ ಟವೆಲ್ ಹಾಕಿದ' ಅಂತಲೇ ಬರೆಯುತ್ತಾರೆ.

ವೈನಿ: ಕಾಕಾ ಹೇಳೋದು ಸರಿ ಅನಿಸುತ್ತೆ. ವಿಡಿಯೊ ಕೆಳಗೆ ಕನ್ನಡದಲ್ಲೂ 'ಟವೆಲ್ ಎಸೆದರು' ಅಂತ ಬಂದಿದೆಯಲ್ಲ.

ನಾನು: ಆ ಸಾಲೇ ದಾರಿ ತಪ್ಪಿಸಿದ್ದು ವೈನಿ. ಪದಕ್ಕೆ ಪದ ಇಟ್ಟಿದ್ದಾರೆ. ನಮ್ಮ 'ಕೈ ಕೊಟ್ಟ' ಅನ್ನೋದನ್ನು ಹಾಗೇ ಇಂಗ್ಲಿಷಿಗೆ ಹಾಕಿದರೆ 'ಸಹಾಯ ಮಾಡಿದ' ಅಂತಾಗುತ್ತೆ, ಅಲ್ವಾ?

ನಾನು: ಈ ಟವೆಲ್ ಬಸ್ಸಿನದ್ದಲ್ಲ, ಬಾಕ್ಸಿಂಗಿನದ್ದು. ಹುಡುಗ ಜಾಸ್ತಿ ಏಟು ತಿನ್ನುತ್ತಿದ್ದರೆ, ಮೂಲೆಯಲ್ಲಿ ನಿಂತ ಅವನ ಕಡೆಯವರೇ ರಿಂಗಿನೊಳಗೆ ಟವೆಲ್ ಎಸೆಯುತ್ತಾರೆ. 'ಸಾಕು, ನಾವು ಸೋತೆವು, ಅವನನ್ನು ಬಿಡಿ' ಅಂತ. 19ನೇ ಶತಮಾನದಲ್ಲಿ ಸ್ಪಂಜ್ ಎಸೆಯುತ್ತಿದ್ದರು. ಮುಖ ಒರೆಸೋಕೆ ಅದೇ ಕೈಯಲ್ಲಿರುತ್ತಿತ್ತು. ಟವೆಲ್ ಆಮೇಲೆ ಬಂತು.

ಕಾಕಾ: ಕುಸ್ತಿಯಲ್ಲಿ ಇದೆಲ್ಲ ಇಲ್ಲ. ಬೆನ್ನು ಮಣ್ಣಿಗೆ ಹತ್ತಿತು, ಚಿತ್, ಮುಗೀತು.

ನಾನು: ಅದೇ ರೀ ಕಾಕಾ. 'ತೊಡೆ ತಟ್ಟಿದ' ಅಂದರೆ ಸವಾಲು ಹಾಕಿದ ಅಂತ ನಿಮಗೆ ತಕ್ಷಣ ಹೊಳೆಯುತ್ತೆ. ಅಖಾಡ ನೋಡಿ ಬೆಳೆದವರು ನೀವು. ಇಂಗ್ಲಿಷಿನವನಿಗೆ ಅದನ್ನು ಬಿಡಿಸಿಯೇ ಹೇಳಬೇಕು.

ತಮ್ಮ: ಅಕ್ಕಾ, 'ಸೇವ್ಡ್ ಬೈ ದ ಬೆಲ್', ಅಂದರೆ ಗಂಟೆಯಿಂದ ಬಚಾವಾದ ಅನ್ನೋದು? ಜೀವ ಇದ್ದವರನ್ನು ಹೂತುಬಿಟ್ಟರೆ ಅಂತ ಗೋರಿಗೆ ಗಂಟೆ ಕಟ್ಟುತ್ತಿದ್ದರಂತೆ. ಫಾರ್ವರ್ಡ್ ಇದೆ, ಹಾಕಲಾ?

ನಾನು: ಬೇಡ, ಆ ಮಾತು ಗೋರಿಯಿಂದ ಬಂದದ್ದಲ್ಲ. ಅದೂ ಬಾಕ್ಸಿಂಗೇ. 1867ರ ಕ್ವೀನ್ಸ್‌ಬೆರಿ ಅನ್ನೋ ಬಾಕ್ಸಿಂಗ್ ನಿಯಮದಲ್ಲಿ ಒಂದು ಸುತ್ತಿಗೆ 3 ನಿಮಿಷ. ಬಿದ್ದವನು 10 ಸೆಕೆಂಡಿನೊಳಗೆ ಏಳಬೇಕಿತ್ತು. ಎಣಿಕೆ ಮುಗಿಯುವ ಮೊದಲೇ ಸುತ್ತು ಮುಗಿದ ಗಂಟೆ ಹೊಡೆದರೆ ಆಗೆಲ್ಲ ಬಚಾವಾಗುತ್ತಿದ್ದ.

ಕಾಕು: ನಮಗೆ ಬಾಕ್ಸಿಂಗೂ ಗೊತ್ತಿಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ಏನು ಮಾಡಬೇಕು?

ನಾನು: ಮುಂದಿನ ಮಾತು ಕೇಳಬೇಕು ಕಾಕು. ಈ ವಿಡಿಯೊ ಕೊನೆತನಕ ನೋಡ್ರಿ. ನಾಮಪತ್ರ ವಾಪಸ್ ತಗೊಂಡರು ಅಂತ ಅವರೇ ಹೇಳುತ್ತಾರೆ.

ಕಾಕಾ: ಈಗ ಪೂರ್ತಿ ನೋಡಿದೆ. ಹೌದು, ವಾಪಸ್ಸೇ. ಇಲ್ಲಿಂದ ಅಳಿಸಿದೆ. ಬೀಗರ ಗುಂಪಿಗೂ ಕಳಿಸಿದ್ದೇನೆ, ಆ ಸ್ಪಂಜಿನ ಮಾತು ಅಲ್ಲೂ ಬರಿ ಮಗಳೇ.