ಥರ್ಮಲ್ ಅಬ್ಲೇಶನ್: ಸುಡುವುದೇ, ಬೇಯಿಸುವುದೇ?

ಪರಾಥೈರಾಯ್ಡ್ ಗ್ರಂಥಿಯ ಅತಿಸ್ರಾವಕ್ಕೆ ಸೂಜಿಯ ಮೂಲಕ ಕೊಡುವ ಚಿಕಿತ್ಸೆಯ ಬಗ್ಗೆ ರೋಗಿಗಳಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಥರ್ಮಲ್ ಅಬ್ಲೇಶನ್’ ಎಂಬಲ್ಲಿ ಬರವಣಿಗೆ ನಿಂತುಬಿಟ್ಟಿದೆ. ಬಲ್ಲವರು ನೆರವಾಗಬೇಕು.

ಕುತ್ತಿಗೆಯಲ್ಲಿರುವ ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಪರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಒಂದೊಂದೂ ಅಕ್ಕಿಕಾಳಿನಷ್ಟು. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುವುದು ಅವುಗಳ ಕೆಲಸ. ಒಂದು ಗ್ರಂಥಿ ಬೆಳೆದು ಹಾರ್ಮೋನನ್ನು ಮಿತಿಮೀರಿ ಸುರಿಸಿದರೆ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಇಳಿದು ಮೂಳೆ ಟೊಳ್ಳಾಗುತ್ತದೆ, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಬಹುದು. ಶಸ್ತ್ರಚಿಕಿತ್ಸೆಯನ್ನು ತಾಳಲಾರದ ಕೆಲವರಿಗೆ ವೈದ್ಯರು ಅಲ್ಟ್ರಾಸೌಂಡ್ ಪರದೆ ನೋಡುತ್ತ ಗ್ರಂಥಿಯೊಳಕ್ಕೆ ಸೂಜಿ ಇಳಿಸಿ, ರೇಡಿಯೋ ತರಂಗದಿಂದಲೋ ಮೈಕ್ರೋವೇವ್‌ನಿಂದಲೋ ಅದನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡುತ್ತಾರೆ. ಇದೇ ಥರ್ಮಲ್ ಅಬ್ಲೇಶನ್. ಧ್ವನಿಪೆಟ್ಟಿಗೆಯ ನರ ಪಕ್ಕದಲ್ಲೇ ಹಾದುಹೋಗುವುದರಿಂದ ನಡುವೆ ದ್ರವ ತುಂಬಿ ಅದನ್ನು ದೂರವಿಡುತ್ತಾರೆ.

‘ಅಬ್ಲೇಶನ್’ಗೆ ಲ್ಯಾಟಿನ್ ಮೂಲದಲ್ಲಿ ‘ಒಯ್ದುಬಿಡುವುದು’ ಎಂಬ ಅರ್ಥ. ಇಲ್ಲಿ ಯಾರೂ ಏನನ್ನೂ ಹೊರಕ್ಕೆ ಒಯ್ಯುವುದಿಲ್ಲ. ಜೀವಕೋಶದ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತದೆ, ಸತ್ತ ಅಂಗಾಂಶವನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹಾಗಾಗಿ ‘ತೆಗೆಯುವಿಕೆ’, ‘ಉಷ್ಣ ಛೇದನ’ ಎರಡೂ ತಪ್ಪು ಚಿತ್ರ ಕೊಡುತ್ತವೆ. ‘ದಹನ’ ಎಂದರೆ ಚಿತೆ ನೆನಪಾಗುತ್ತದೆ. ರೋಗಿಯ ಕೈಗೆ ಕೊಡುವ ಪದವಲ್ಲ ಅದು. ‘ಬರೆ’ಯಲ್ಲಿ ಶಿಕ್ಷೆಯ ವಾಸನೆ ಇದೆ. ಸುಶ್ರುತ ಸಂಹಿತೆಯ ‘ಅಗ್ನಿಕರ್ಮ’ ಗಂಭೀರವಾಗಿದೆ, ನನಗೆ ಇಷ್ಟವೂ ಹೌದು, ಆದರೆ ಅದು ಕಾಯಿಸಿದ ಸಲಾಕೆಯಿಂದ ಸುಡುವ ಬೇರೆಯೇ ಕ್ರಮ.

‘ಶಾಖ ಚಿಕಿತ್ಸೆ’ ಸುಲಭವಾಗಿ ಕಂಡಿತ್ತು. ಮರುದಿನ ಓದಿದಾಗ ಬಿಸಿನೀರಿನ ಚೀಲ ಕಣ್ಣಿಗೆ ಬಂತು. ‘ಕಾವು’ ಇನ್ನೂ ಕಷ್ಟ: ಕೋಳಿ ಕಾವು ಕೊಟ್ಟರೆ ಮರಿಯಾಗುತ್ತದೆ! ಜೀವ ಕೊಡುವ ಪದವನ್ನು ಜೀವಕೋಶ ಕೊಲ್ಲುವ ಕೆಲಸಕ್ಕೆ ಹಚ್ಚಲು ಮನಸ್ಸು ಒಪ್ಪುವುದಿಲ್ಲ.

ಉಳಿದದ್ದು ‘ಬೇಯಿಸು’. ನಡೆಯುವುದು ಅಕ್ಷರಶಃ ಅದೇ. ಆದರೆ ಕನ್ನಡದಲ್ಲಿ ನೊಂದವರೂ ಬೇಯುತ್ತಾರೆ. ‘ನಿಮ್ಮ ಗ್ರಂಥಿಯನ್ನು ಬೇಯಿಸುತ್ತೇವೆ’ ಎಂದರೆ ಹೆದರಿದವರಿಗೆ ಹೇಗೆ ಕೇಳಿಸೀತು? ಸದ್ಯಕ್ಕೆ ‘ಗ್ರಂಥಿಯನ್ನು ಇದ್ದಲ್ಲೇ ಬಿಸಿಯಿಂದ ಗಟ್ಟಿಗೊಳಿಸಿ ನಿಲ್ಲಿಸುವುದು’ ಎಂದು ಬಿಡಿಸಿ ಬರೆದಿದ್ದೇನೆ. ವಾಕ್ಯಕ್ಕೆ ಸರಿ, ತಲೆಬರಹಕ್ಕೆ ಉದ್ದ. ‘ಉಷ್ಣಸ್ತಂಭನ’ ಎಂದು ಕಟ್ಟಬಹುದೇ? ಸ್ತಂಭನದಲ್ಲಿ ನಿಲ್ಲಿಸುವ ಅರ್ಥ ಸಿಗುತ್ತದೆ, ಕೋಶ ಸಾಯುವುದು ಸಿಗುವುದಿಲ್ಲ.

ಜೊತೆಗೆ ಇನ್ನೊಂದು: ‘ಮಿನಿಮಲಿ ಇನ್ವೇಸಿವ್’ ಎಂಬುದಕ್ಕೆ ‘ಕನಿಷ್ಠ ಆಕ್ರಮಣಕಾರಿ’ ಎಂಬ ಅನುವಾದವನ್ನು ದಯವಿಟ್ಟು ಯಾರೂ ಸೂಚಿಸಬೇಡಿ. ವೈದ್ಯರು ದಂಡೆತ್ತಿ ಬರುವುದಿಲ್ಲ. ನಾನು ‘ಕಿರುಗಾಯದ’ ಎಂದು ಬಳಸಿದ್ದೇನೆ; ಅದಕ್ಕಿಂತ ಒಳ್ಳೆಯದಿದ್ದರೆ ತಿಳಿಸಿ.