ಸಹಾಯ ಬೇಕು: ರಸ್ತೆ ಬದಿಯಲ್ಲಿ ವಾಹನಗಳ ಹೊಗೆಯನ್ನು ನಂಬುವಂತೆ ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ದೊಡ್ಡ ನಗರವೊಂದರ ಸಿಗ್ನಲ್ ಪಕ್ಕದ ಶಾಲೆಯ ಗೇಟಿನಲ್ಲಿ ಆರು ವಾರಗಳಿಂದ ಗಾಳಿಯನ್ನು ಅಳೆಯುತ್ತಿದ್ದೇನೆ. ನನ್ನಲ್ಲಿರುವುದು ಬೆಳಕಿನ ಚದುರುವಿಕೆಯಿಂದ ಪಿಎಂ 2.5 (ಗಾಳಿಯಲ್ಲಿ ತೇಲುವ, 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಕಣಗಳು) ಲೆಕ್ಕ ಹಾಕುವ ಅಗ್ಗದ ಸಂವೇದಕ. ಬೆಳಗಿನ ಮಂಜಿನಲ್ಲಿ ರಸ್ತೆ ಖಾಲಿ ಇದ್ದರೂ ಅಂಕಿ ಏರುತ್ತದೆ. ತೇವ ಹೀರಿ ಉಬ್ಬಿದ ಕಣಗಳು ಅದನ್ನು ದಾರಿ ತಪ್ಪಿಸುತ್ತಿರಬೇಕು. ಡೀಸೆಲ್ ಬಸ್ಸೊಂದು ಕಪ್ಪು ಹೊಗೆ ಉಗುಳಿ ಹೊರಟಾಗ ಮಾತ್ರ ಅಂಕಿ ಅಲುಗಾಡುವುದೇ ಇಲ್ಲ! ಮಸಿಯ ಕಣಗಳಲ್ಲಿ ಹೆಚ್ಚಿನವು 0.3 ಮೈಕ್ರಾನ್‌ಗಿಂತ ಚಿಕ್ಕವು, ಇಂಥ ಸಂವೇದಕಕ್ಕೆ ಅವು ಸರಿಯಾಗಿ ಕಾಣುವುದಿಲ್ಲ. ಆದರೆ ಗೇಟಿನ ಕಂಬಿ ಒರೆಸಿದ ಬಿಳಿ ಬಟ್ಟೆ ಎರಡೇ ದಿನಕ್ಕೆ ಕಪ್ಪಾಗುತ್ತದೆ. ಮಕ್ಕಳು ಆ ಕಂಬಿಯನ್ನೇ ಹಿಡಿದು ನಿಂತಿರುತ್ತಾರೆ.

ಆದ್ದರಿಂದ ವಾಹನಗಳ ಹೊಗೆಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಅನಿಲವನ್ನು ಅಳೆಯಬೇಕೆಂದಿದ್ದೇನೆ. ವಾಹನಗಳ ಪಾಲನ್ನು ತಿಳಿಯಲು ಅದೇ ಹೆಚ್ಚು ಸೂಕ್ತವೆಂದು ನನ್ನ ಅನಿಸಿಕೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದರ ವಾರ್ಷಿಕ ಮಿತಿಯನ್ನು ಘನ ಮೀಟರಿಗೆ 10 ಮೈಕ್ರೋಗ್ರಾಂಗೆ ಇಳಿಸಿದೆ. ಈ ಅನಿಲವನ್ನು ಹಿಡಿದಿಡುವ ಟ್ರೈಎಥನಾಲಮೈನ್ ಎಂಬ ರಾಸಾಯನಿಕ ಲೇಪಿಸಿದ ವಿಸರಣ ನಳಿಕೆಗಳಿಗೆ (ಅನಿಲ ತಾನಾಗಿಯೇ ಒಳಸೇರುವ ಸಣ್ಣ ಕೊಳವೆಗಳಿಗೆ) ವಿದ್ಯುತ್ ಬೇಡ, ಕೆಲವು ವಾರ ತೂಗುಹಾಕಿ ಪ್ರಯೋಗಾಲಯಕ್ಕೆ ಕಳುಹಿಸಿದರೆ ಸಾಕು.

ಅನುಭವವಿರುವವರು ದಯವಿಟ್ಟು ತಿಳಿಸಿ. ನಳಿಕೆಯನ್ನು ಮಕ್ಕಳ ಮೂಗಿನ ಎತ್ತರಕ್ಕೆ ಕಟ್ಟಿದರೆ ಯಾರಾದರೂ ಕಿತ್ತುಹಾಕುವ ಭಯವಿದೆ. ಎರಡೂವರೆ ಮೀಟರ್ ಮೇಲೆ ಕಟ್ಟಿದರೆ ಅಳತೆ ಎಷ್ಟು ಬದಲಾದೀತು? ಒಂದೇ ಜಾಗದಲ್ಲಿ ಮೂರು ನಳಿಕೆ ಇಡಲೇಬೇಕೇ? ಸರ್ಕಾರಿ ಮಾಪನ ಕೇಂದ್ರದ ಪಕ್ಕದಲ್ಲಿ ನನ್ನ ಸಂವೇದಕವನ್ನು ಎಷ್ಟು ದಿನ ಇಟ್ಟು ಹೋಲಿಸಿದರೆ ತೇವದ ತಿದ್ದುಪಡಿಯನ್ನು ನಂಬಬಹುದು? ಕಚ್ಚಾ ದತ್ತಾಂಶವೆಲ್ಲ ನನ್ನ ಬಳಿ ಇದೆ, ಕೇಳಿದವರಿಗೆ ಕಳುಹಿಸುತ್ತೇನೆ.